ರೇಡಿಯೊ ಅಕ್ಕನಿಗೊಂದು ಪ್ರಶ್ನೆ

"ಯಾರಾದ್ರೂ ಸರಿ, ಕಾಲ್ ತೊಳ್ಕೊಂಡೇ ಒಳೀಕ್ ಬರ್ಬೇಕು," ಎಂದು ಬೈರಮ್ಮ ರೇಷ್ಮೆ ಸಾಕುವ ಹುಳುಮನೆಯ ಬಾಗಿಲಿಗೆ ಅಡ್ಡವಾಗಿ ಕೈ ಚಾಚಿದಳು.

ಕನಕಪುರದಿಂದ ಮೂರು ಜೀಪುಗಳಲ್ಲಿ ಬಂದಿದ್ದ ಅಧಿಕಾರಿಗಳ ದಂಡು ತಬ್ಬಿಬ್ಬಾಯಿತು. ನಡುವೆ ನಿಂತಿದ್ದವಳು ರೇಷ್ಮೆ ತರಬೇತಿ ಸಂಸ್ಥೆಯ ಹೊಸ ನಿರ್ದೇಶಕಿ ಹಾಜಿರಾ. "ಇವರು ಯಾರು ಗೊತ್ತೇನಮ್ಮ?" ಎಂದು ರೇಷ್ಮೆ ಇಲಾಖೆಯ ಇನ್‌ಸ್ಪೆಕ್ಟರ್ ಮುನಿರಾಮಯ್ಯ ಗದರಿದರು. ಗದರುವುದೇ ಅವರ ಅರ್ಧ ಕೆಲಸ.

"ಯಾರಾದ್ರೇನು? ಕಾಲಿನ ಧೂಳ್ನಲ್ಲೇ ಹುಳಕ್ಕೆ ರೋಗ ಬರೋದು. ರೇಡಿಯೊ ಅಕ್ಕ ಹೇಳವ್ರೆ."

ಹನ್ನೊಂದು ವರ್ಷ ಪ್ರತಿ ಬುಧವಾರ ಸಂಜೆ ರೇಡಿಯೊದಲ್ಲಿ ವಿಜ್ಞಾನ ಹೇಳುತ್ತ, ಕೇಳುಗರ ಕಾಗದಗಳಿಗೆ ಉತ್ತರಿಸುತ್ತಿದ್ದ ಆ ಅಕ್ಕ ಹಾಜಿರಾಳೇ. ಆಮೇಲೆ ವಿಜ್ಞಾನ ಕೇಂದ್ರದ ಮುಖ್ಯಸ್ಥೆಯಾದಳು, ಈಗ ಇಲ್ಲಿಗೆ. ಬಡ್ತಿ ಸಿಕ್ಕಂತೆಲ್ಲ ಮೇಜು ದೊಡ್ಡದಾಯಿತು, ಮಾತಾಡುವವರು ಕಡಿಮೆಯಾದರು.

ಅವಳು ಚಪ್ಪಲಿ ಬಿಟ್ಟು ಕಾಲು ತೊಳೆದಳು. "ಆ ಅಕ್ಕ ಇನ್ನೇನು ಹೇಳ್ತಿದ್ರು?" ಎಂದು ಬೇಕೆಂದೇ ಹಳೆಯ ನಿಧಾನದಲ್ಲಿ ಕೇಳಿದಳು. ದನಿಯ ಗುರುತು ಸಿಗಲಿ ಎಂಬ ಆಸೆ. ತನ್ನ ಆಸೆಗೆ ತನಗೇ ನಾಚಿಕೆಯಾಯಿತು.

ಬೈರಮ್ಮ ಅವಳನ್ನು ದಿಟ್ಟಿಸಿದಳು. "ನೀವೂ ಒಸಿ ಅವ್ರಂಗೇ ಮಾತಾಡ್ತೀರಿ ಮೇಡಮ್ನೋರೆ. ಆದ್ರೆ ಅವ್ರು ಇಷ್ಟೊಂದ್ ಜನಾನ ಕಟ್ಕೊಂಡ್ ಬತ್ತಿರ್ಲಿಲ್ಲ. ಬುಧ್ವಾರ ಸಂಜೆ ರೇಡಿಯೊ ಮುಂದೆ ನಾನೂ ಅವ್ರೂ ಇಬ್ರೇ ಇರ್ತಿದ್ವಿ."

ನಾನೇ ಅವಳು ಎಂಬ ಮಾತು ನಾಲಗೆಯ ತುದಿಗೆ ಬಂತು. ಹಿಂದೆ ಮುನಿರಾಮಯ್ಯ ಕ್ಯಾಮೆರಾದವನನ್ನು ಮುಂದಕ್ಕೆ ತಳ್ಳುತ್ತಿದ್ದರು. ಹೇಳಿಬಿಟ್ಟರೆ ಚಪ್ಪಾಳೆ, ಹಾರ, ಫೋಟೊ. ಇಬ್ಬರೇ ಇದ್ದ ಆ ಬುಧವಾರವೂ ಹೋಗಿಬಿಡುತ್ತದೆ. ಹಾಜಿರಾ ಕೈಸನ್ನೆ ಮಾಡಿ ಕ್ಯಾಮೆರಾದವನನ್ನು ಹಿಂದಕ್ಕೆ ಕಳಿಸಿದಳು.

"ಅವ್ರು ನಿಮ್ಗೆ ಸಿಕ್ತಾರಾ? ಸಿಕ್ರೆ ಒಂದ್ ಮಾತ್ ಕೇಳಿ," ಎಂದು ಬೈರಮ್ಮ ಒಳಗೆ ಕರೆದು ತಟ್ಟೆಯೊಂದನ್ನು ತೋರಿಸಿದಳು. ಜ್ವರಕ್ಕೆ ಕೂತ ಹುಳುಗಳು ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಇದ್ದವು. ಕಾಯಿಲೆಯಲ್ಲ; ಪೊರೆ ಕಳಚುವ ತನಕ ಅವು ಹಾಗೆಯೇ, ರೇಷ್ಮೆಯವರು ಅದನ್ನೇ ಜ್ವರ ಎನ್ನುವುದು. "ಹಿಂಗ್ ಕುಂತಾಗ, ಪಕ್ಕದಲ್ಲಿ ಇನ್ನೊಂದ್ ಐತೆ ಅಂತ ಇವಕ್ಕೆ ಗೊತ್ತಾಯ್ತದಾ? ಕಾಗ್ದ ಬರ್ಸಾನ ಅಂತಿದ್ದೆ. ಅಷ್ಟ್ರಲ್ಲಿ ಅವ್ರು ನಿಲ್ಲಿಸ್ಬುಟ್ರು."

ಹಾಜಿರಾ ಚೀಟಿಯಲ್ಲಿ ಬರೆದುಕೊಂಡಳು. "ಸಿಕ್ಕರೆ ಕೇಳ್ತೀನಿ," ಎಂದಳು.

ಉತ್ತರ ಅವಳಿಗೆ ಗೊತ್ತಿರಲಿಲ್ಲ. ರೇಡಿಯೊದ ದಿನಗಳಲ್ಲಾಗಿದ್ದರೆ ಗೊತ್ತಿಲ್ಲ, ಹುಡುಕೋಣ ಎಂದು ಮೈಕಿನಲ್ಲೇ ಹೇಳಿ ನಕ್ಕುಬಿಡುತ್ತಿದ್ದಳು. ಜೀಪು ಹೊರಟ ಮೇಲೂ ಚೀಟಿ ಅವಳ ಕೈಯಲ್ಲೇ ಇತ್ತು.

"ಏನ್ ಮೇಡಂ, ದೂರು ಕೊಟ್ಲಾ?" ಎಂದು ಮುನಿರಾಮಯ್ಯ ಕೇಳಿದರು.

"ಇಲ್ಲ. ಯಾರನ್ನೋ ಹುಡುಕಬೇಕಂತೆ."

"ಅಷ್ಟೇನಾ? ಹೆಸರು ಹೇಳಿ ಮೇಡಂ, ನಾಳೆನೇ ಹುಡುಕಿಸ್ತೀನಿ."