ಕಿರುಚಾಟಕ್ಕೆ ಹತ್ತಕ್ಕೆ ಹತ್ತು

ಗುಳುಕ್, ನೀರಿನ ಕ್ಯಾನಿನೊಳಗೆ ಗುಳ್ಳೆಯೊಂದು ಎದ್ದು ಒಡೆಯಿತು, ಅದರ ಬೆನ್ನಿಗೇ ಇವಳ ಗಂಟಲೂ ಗುಳುಕ್ ಅಂದಿತು, ಹಾಳು ಚಾಳಿ, ಕಿವಿಗೆ ಬಿದ್ದದ್ದು ಗಂಟಲಿಗೆ ಇಳಿಯದೆ ಬಿಡುವುದಿಲ್ಲ, ಬಾಗಿಲ ಬಳಿಯ ಮೇಜಿನ ಹುಡುಗಿ ತಲೆಯೆತ್ತಿ ನೋಡಿದಳು, ನೋಡಲಿ, ಸರ್ ಮೀಟಿಂಗಲ್ಲಿದ್ದಾರೆ ಕೂತಿರಿ ಮೇಡಂ ಅಂತ ಪೂರ್ತಿ ಮೂಗಿನಲ್ಲೇ ಹೇಳಿದವಳು, ಬೇಕಾದರೆ ಆ ಮೂಗನ್ನು ಹಾಗೇ ಕಿತ್ತು ತನ್ನ ಮುಖಕ್ಕೆ ಅಂಟಿಸಿಕೊಂಡು ಅದೇ ಮಾತು ವಾಪಸ್ ಆಡಬಲ್ಲಳು ಇವಳು, ಆಡುವುದಿಲ್ಲ, ಬೆಳಗಿನಿಂದ ಹೊಟ್ಟೆಯೊಳಗೆ ಕೆಂಡ ಕೂತಿದೆ, ಎದುರಿಗೆ ಗಾಜಿನ ಗೋಡೆ, ಗೋಡೆಯಾಚೆ ಕಿವಿಯಣ್ಣ, ಯಾರ್ಯಾರನ್ನೋ ಸುತ್ತ ಕೂರಿಸಿಕೊಂಡು ಬಾಯಿ ಆಡಿಸುತ್ತಿದ್ದಾನೆ, ಬಾಯಿ ಕಾಣುತ್ತದೆ ಮಾತು ಕೇಳುವುದಿಲ್ಲ, ಈ ಗೇಮ್ ಕಂಪನಿಗೇ ಯಜಮಾನ ಈಗ, ಆಗ ಗೋಡೆಗೆ ಹಳೇ ಹಾಸಿಗೆ ಬಡಿದು ನಡುವೆ ಗಾಜು ನಿಲ್ಲಿಸಿದ ಒಂದೇ ಕೋಣೆಯ ಸ್ಟುಡಿಯೋದಲ್ಲಿ ದನಿ ಹಿಡಿಯುತ್ತಿದ್ದವನು, ಹೆಡ್‌ಫೋನ್ ಹಾಕಿದ್ರೂ ಅರ್ಧ ಕಿವಿ ಆಚೆಗೇ ಇರುತ್ತಲ್ಲೇ ಅಕ್ಕಾ ಅಂತ ಆ ಹೆಸರಿಟ್ಟವಳು ತಂಗಿ, ಮುಖದೆದುರು ಅಣ್ಣಾ, ಬೆನ್ನ ಹಿಂದೆ ಕಿವಿಯಣ್ಣ, ಅವನೋ ಯಾರನ್ನು ಕಂಡರೂ ತಾಯಿ, ತಾಯಿ ಅನ್ನದೆ ಮಾತು ಶುರುವಾಗುವುದಿಲ್ಲ, ಮೊಬೈಲಿನಲ್ಲಿ ಅವನೇ ಕಳಿಸಿದ ವಿಮರ್ಶೆಗಳು, ಓದ್ಕೊಂಡು ಬಾ ತಾಯಿ, ನಿಂಗೇ ಗೊತ್ತಾಗುತ್ತೆ, ಓದುತ್ತಿದ್ದಾಳೆ, ಕೆಂಡಕ್ಕೆ ಒಂದೊಂದೇ ಸೌದೆ.

ಇವಳು ದನಿ ಕೊಟ್ಟಿದ್ದ ಹಳೇ ಭಯದ ಆಟವನ್ನು ಹೊಸದಾಗಿ ಕಟ್ಟಿ ಬಿಟ್ಟು ಇನ್ನೂ ವಾರವಾಗಿಲ್ಲ, ಅಷ್ಟರಲ್ಲಿ ಊರಿಗೆಲ್ಲ ಬಾಯಿ ಬಂದಿದೆ, ಅದೇ ಖಾಲಿ ಹಾಸ್ಟೆಲು, ಅದೇ ಸಾಯುತ್ತಿರುವ ಟಾರ್ಚು, ಅದೇ ಕುರುಡಿ ವಾರ್ಡನ್ ಕತ್ತಲ ಓಣಿಯಲ್ಲಿ ಗೋಡೆ ತಡಕುತ್ತ ಪಿಸುಗುಟ್ಟುತ್ತ ಬರುತ್ತಾಳೆ, ಆಡುವವನು ಕಪಾಟಿನೊಳಗೆ ಉಸಿರು ಹಿಡಿದು ಕೂರಬೇಕು, ಸಿಕ್ಕಿಬಿದ್ದರೆ ಅವಳು ಕಿರುಚುತ್ತಾಳೆ, ಕಿರುಚಿದಳೋ ಆಟ ಮುಗಿಯಿತು, ಈಗ ಎಲ್ಲರದೂ ಒಂದೇ ರಾಗ, ಕತ್ತಲು ಚೆನ್ನಾಗಿದೆ, ಗೋಡೆಯ ಬೂಷ್ಟು ಸಮೇತ ಚೆನ್ನಾಗಿದೆ, ಕಿರುಚಾಟ ಮಾತ್ರ ಚೆನ್ನಾಗಿಲ್ಲ, ಹತ್ತಕ್ಕೆ ಆರು, ಹತ್ತಿದ್ದು ಆರಿಹೋದಂತೆ, ವಿಡಿಯೋದಲ್ಲಿ ಒಬ್ಬ ಬಾಯಿತುಂಬ ತಿನ್ನುತ್ತಲೇ ತೀರ್ಪು ಕೊಡುತ್ತಾನೆ, ಫ್ರೆಂಡ್ಸ್, ಕರುಂ, ಇದೂ ಒಂದ್ ದೆವ್ವಾನಾ, ಕರುಂ, ನಮ್ ಕುಕ್ಕರ್ರೇ ಇದಕ್ಕಿಂತ ಜೋರಾಗಿ ಕೂಗುತ್ತೆ, ಪತ್ರಿಕೆಯ ದೊಡ್ಡ ಮನುಷ್ಯ ಕನ್ನಡಕ ಒರೆಸಿಕೊಂಡು ಬರೆದಿದ್ದಾನೆ, ಮೂಲಕೃತಿಯ ಆರ್ತನಾದದಲ್ಲಿ ಅನುರಣಿಸುತ್ತಿದ್ದ ಅಸ್ತಿತ್ವದ ಕಂಪನವು ಪುನರ್‌ನಿರ್ಮಿತಿಯಲ್ಲಿ ಗೈರುಹಾಜರಾಗಿದೆ, ಇದರಲ್ಲಿ ಆತ್ಮವಿಲ್ಲ, ಅಯ್ಯೋ ಮಹಾನುಭಾವ, ದೆವ್ವದಲ್ಲಿ ಇನ್ನೇನಪ್ಪಾ ಇರುತ್ತೆ ಆತ್ಮ ಬಿಟ್ಟು, ಇನ್ನೊಬ್ಬ, ಇದು ರೀಮೇಕ್ ಅಲ್ಲ ರೀ, ಮೇಕೆ, ಅದಕ್ಕೆ ಕೆಳಗೆ ಸಾವಿರಾರು ಜನರ ನಗು, ಇವಳಿಗೂ ತುಟಿಯ ತುದಿಯಲ್ಲಿ ನಗು ಬಂದೇಬಿಟ್ಟಿತು, ಬಂದದ್ದಕ್ಕೆ ಇನ್ನಷ್ಟು ಸಿಟ್ಟು, ಹೊಸದಾಗಿ ಕಿರುಚಿದ ಹುಡುಗಿ ಪಾಪ ಫೋನ್ ಮಾಡಿ ಗಂಟಲು ಕಟ್ಟುವಷ್ಟು ಅತ್ತಿದ್ದಳು, ಮನೆ ಹತ್ರ ಹುಡುಗ್ರೆಲ್ಲ ಮ್ಯಾ ಅಂತಾರೆ ಅಕ್ಕಾ, ಏನು ತಪ್ಪು ಮಾಡ್ದೆ ನಾನು ಹೇಳಿ, ನೀನೇನೂ ತಪ್ಪು ಮಾಡಿಲ್ಲ ಕಣಮ್ಮಾ, ಸರಿಯಾಗೇ ಕಿರುಚಿದೀಯ, ಕಿರುಚು ಅಂದಾಗ ಕಿರುಚಿದೀಯ, ಅಷ್ಟೇ.

ಅಸ್ತಿತ್ವದ ಕಂಪನವಂತೆ, ಅದು ನನ್ನ ತಂಗಿ ಸತ್ತ ಸುದ್ದಿ ಕಣಯ್ಯಾ, ಕಂಪನಕ್ಕೆ ಹುಟ್ಟಿದವನೇ, ಅಂತ ಅವನ ಕನ್ನಡಕದ ಮೇಲೇ ಹೇಳಬೇಕು, ಯಾರಿಗೆ ಗೊತ್ತು ಅದು, ಮನೆಯವರಿಗೆ, ಕಿವಿಯಣ್ಣನಿಗೆ, ಅವತ್ತು ಕಿರುಚುವ ಕೆಲಸವೇ ಇರಲಿಲ್ಲ, ಬರೀ ವಾರ್ಡನ್ನಿನ ಪಿಸುಮಾತು, ಎಲ್ಲಿದೀಯ ಮರೀ, ಉಸಿರು ಕೇಳಿಸ್ತಿದೆ ನಂಗೆ, ದೊಡ್ಡಮ್ಮನ ದನಿಯನ್ನು ಸ್ವಲ್ಪ ಕೊಳೆಸಿ ಮಾಡಿದ ದನಿ ಅದು, ಹಾಗೆ ಮಾಡು ಅಂತ ಹೇಳಿಕೊಟ್ಟವಳೂ ತಂಗಿಯೇ, ಮನೆಯವರ ಚಿನಕುರುಳಿ, ಕೂತಲ್ಲಿ ಕೂರದ ನಾಲಗೆ, ದೊಡ್ಡಮ್ಮನ ಸೀನು, ಬಾಡಿಗೆ ಮನೆಯವರ ಗೊರಕೆ, ಅಪ್ಪ ಸಿಟ್ಟು ಬಂದಾಗ ಎಳೆಯುವ ಕುರ್ಚಿಯ ಸದ್ದು ಸಮೇತ ಇಬ್ಬರೂ ಹೊದಿಕೆಯೊಳಗೆ ಆಡಿ ಆಡಿ ನಕ್ಕದ್ದು, ಅವಳು ಕುರ್ಚಿಯನ್ನು ನನಗಿಂತ ಚೆನ್ನಾಗಿ ಆಡುತ್ತಿದ್ದಳು, ಅವತ್ತು ಪಿಸುಮಾತಿನ ಮಧ್ಯೆ ಸ್ಟುಡಿಯೋ ಬಾಗಿಲು ತಳ್ಳಿಕೊಂಡು ದೊಡ್ಡಣ್ಣ ಬಂದ, ಶೂಟಿಂಗೋ ರೆಕಾರ್ಡಿಂಗೋ ಅವನಿಗೇನು ಗೊತ್ತು, ಚಿನಕುರುಳಿ ಹೋದಳು ಕಣೇ, ಕಾಲೇಜಿನ ಮುಂದೇನೇ, ಲಾರಿ, ಅಷ್ಟೇ ಅಂದದ್ದು, ಆಮೇಲೆ ಹೆಗಲು ಹಿಡಿದ ದೊಡ್ಡಣ್ಣನ ಕೈ ಬಿಟ್ಟರೆ ಇವಳಿಗೆ ಏನೂ ನೆನಪಿಲ್ಲ, ಎಷ್ಟೋ ತಿಂಗಳ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಪಕ್ಕದ ಮನೆಯಲ್ಲಿ ಯಾರೋ ಆ ಆಟ ಆಡುತ್ತಿದ್ದರು, ಕಿಟಕಿಯಿಂದ ತನ್ನದೇ ಕಿರುಚಾಟ ಬಂದು ಕಪಾಳಕ್ಕೆ ಹೊಡೆಯಿತು, ಕೈಯಲ್ಲಿದ್ದ ಒದ್ದೆ ಸೀರೆ ಮಣ್ಣಿಗೆ ಬಿತ್ತು, ಹೇಳಿಕಳಿಸಿದ ಮೇಲೆ ಕಿವಿಯಣ್ಣ ಓಡಿ ಬಂದ, ನೆಲದ ಮೇಲೇ ಕುಕ್ಕರಿಸಿದ, ಅತ್ತ, ಆ ಗಡಿಬಿಡೀಲಿ ಮೆಷಿನ್ ನಿಲ್ಲಿಸ್ಬೇಕು ಅಂತ ಯಾರಿಗೂ ತೋಚ್ಲಿಲ್ಲ ತಾಯಿ, ನಂಗೆ ಕೈಕಾಲೇ ಆಡ್ಲಿಲ್ಲ, ಅದರ ಪಾಡಿಗೆ ಅದು ಓಡ್ತಾನೇ ಇತ್ತು, ಆಮೇಲೆ ಜೊತೆಯವರು ಕೇಳ್ದೇನೇ ಆಟಕ್ಕೆ ಹಾಕ್ಬಿಟ್ರು, ಅಮ್ಮ ಮೂಗು ಒರೆಸಿಕೊಂಡು ಹೇಳಿದ್ದಳು, ಹೋಗ್ಲಿ ಬಿಡೇ, ಸಾವಿನ ಹೊತ್ತಲ್ಲಿ ಯಾರಿಗೆ ಮೈಮೇಲೆ ಜ್ಞಾನ ಇರುತ್ತೆ, ಬಿಟ್ಟಳು, ಮೆಷಿನ್ನಿಗೆ ಜ್ಞಾನವಿಲ್ಲ, ಮನುಷ್ಯನಿಗೆ ಕೈಕಾಲು ಆಡಲಿಲ್ಲ, ಯಾರ ಮೇಲೆ ಅಂತ ಸಿಟ್ಟಾಗುವುದು, ಹೊಸದು ಮಾಡುವಾಗ ಮಾತ್ರ ಒಂದೇ ಒಂದು ಕೇಳಿದಳು, ಅದೊಂದು ಬೇಡ ಅಣ್ಣಾ, ಆಗಲಿ ತಾಯಿ ಅಂದ, ಮಾತು ಉಳಿಸಿಕೊಂಡ, ಹೊಸ ಹುಡುಗಿಯನ್ನು ಕರೆಸಿದ, ಆರು ಅಂಕ ಬಂತು, ನಿನ್ನೆ ಫೋನು, ಜನ ಪ್ರಾಣ ತಿಂತಿದ್ದಾರೆ ತಾಯಿ, ನೀನು ಬಂದು ಒಂದು ಹೂಂ ಅಂದ್ರೆ ಸಾಕು, ಸಂಜೆಯೊಳಗೆ ಹಳೇದನ್ನ ಕೂರಿಸ್ತೀವಿ, ನಿನ್ನ ಒಪ್ಪಿಗೆ ಇಲ್ದೆ ಮುಟ್ಟಲ್ಲ, ಬಸ್ಸಿನಲ್ಲಿ ಬರುವಾಗ ಹೂಂ ಅಂದುಬಿಡೋಣ ಅಂತಲೇ ಇದ್ದಳು, ಆ ಹುಡುಗಿ ಮೇಕೆಯಾಗಿ ಸಾಯುವುದಾದರೂ ತಪ್ಪಲಿ, ಸತ್ತವಳಿಗೆ ಇನ್ನೇನು ಆಗಬೇಕಿದೆ.

ಇನ್ನೊಂದು ಉಳಿದಿದೆ, ಮಾರುದ್ದದ್ದು, ದನಿಯ ಹುಚ್ಚು ಹಿಡಿದವನೊಬ್ಬ ಹಳೇ ಕಿರುಚಾಟವನ್ನೇ ಎದುರಿಗಿಟ್ಟುಕೊಂಡು ಕೂದಲು ಸೀಳಿದ್ದಾನೆ, ಹಳೆಯದಕ್ಕೆ ಹತ್ತಕ್ಕೆ ಹತ್ತು, ಪುಣ್ಯಾತ್ಮ, ಓದುತ್ತಾಳೆ, ಗೆಳೆಯರೇ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಪಿಸುಮಾತಿನ ಹಿಂದೆ ಒಂದು ಫ್ಯಾನಿನ ಗುಂಯ್ ಇದೆ, ಇತ್ತು, ಹೌದು, ಮೂಲೆಯಲ್ಲಿ ಹಳೇ ಟೇಬಲ್ ಫ್ಯಾನು, ಅದಿಲ್ಲದಿದ್ದರೆ ಆ ಹಾಸಿಗೆ ಗೋಡೆಗಳ ನಡುವೆ ಬೆಂದುಹೋಗುತ್ತಿದ್ದೆವು, ಮುಂದೆ ಓದುತ್ತಾಳೆ, ಕಿರುಚಾಟ ಎದ್ದ ಮರುಗಳಿಗೆಯೇ ಆ ಗುಂಯ್ ತಟ್ಟನೆ ಸಣ್ಣದಾಗುತ್ತದೆ, ಗಮನಿಸಿ, ಫ್ಯಾನು ನಿಂತದ್ದಲ್ಲ, ದನಿ ಹಿಡಿಯುತ್ತಿದ್ದವರು ರೆಕಾರ್ಡಿಂಗಿನ ಮಟ್ಟ ಇಳಿಸಿದ್ದಾರೆ, ಪಿಸುಮಾತಿಗೆ ಅಂತ ಏರಿಸಿಟ್ಟಿದ್ದ ಮಟ್ಟದಲ್ಲೇ ಬಿಟ್ಟಿದ್ದರೆ ಕಿರುಚಾಟ ಒಡೆದು ಚೂರಾಗಿ ಬರೀ ಗರಗರ ಉಳಿಯುತ್ತಿತ್ತು, ಒಂದು ಚೂರೂ ಒಡೆದಿಲ್ಲ, ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಗುಂಡಿ ತಿರುಗಿಸಿದ ಆ ಅನಾಮಧೇಯ ಬೆರಳುಗಳಿಗೆ ನನ್ನ ನಮಸ್ಕಾರ — ಮತ್ತೆ ಓದುತ್ತಾಳೆ, ಬೆರಳುಗಳಿಗೆ, ಬ್ಯಾಗಿನ ತಳದಿಂದ ಇಯರ್‌ಫೋನ್ ಎಳೆದು ಸಿಕ್ಕು ಬಿಡಿಸುತ್ತಾಳೆ, ಇಷ್ಟು ವರ್ಷ ಬೇಕೂಂತ ಕೇಳದೆ ಇದ್ದದ್ದನ್ನು ಕೇಳುತ್ತಾಳೆ, ಎಲ್ಲಿದೀಯ ಮರೀ, ಗುಂಯ್, ದೊಡ್ಡಣ್ಣನ ಮಾತು ಕತ್ತರಿಸಿದ್ದಾರೆ, ಗುಂಯ್, ಆಮೇಲೆ ತಾನು, ಮೊದಲ ಚೂರು ಕಿವಿ ಹರಿಯುವಂತೆ, ಆಮೇಲೆ ಹೌದು, ಫ್ಯಾನು ಹಿಂದಕ್ಕೆ ಸರಿಯಿತು, ಯಾರೋ ಎತ್ತಿ ಪಕ್ಕದ ಕೋಣೆಯಲ್ಲಿ ಇಟ್ಟ ಹಾಗೆ, ದನಿ ಮಾತ್ರ ನೀಟಾಗಿ, ಸ್ವಚ್ಛವಾಗಿ, ಇಸ್ತ್ರಿ ಮಾಡಿದ ಹಾಗೆ, ಥೂ, ದನಿ ಮಾರಿ ಬದುಕುವವಳು ನಾನು, ಮೈಕಿನ ಮುಂದೆ ಸೀನಿದರೂ ಒಡೆಯುತ್ತದೆ ಅಂತ ಗೊತ್ತಿದ್ದವಳು, ಪಿಸುಮಾತಿನ ಮಟ್ಟದಲ್ಲಿ ಕಿರುಚಿದ್ದು ಹೇಗೆ ಒಡೆಯಲಿಲ್ಲ ಅಂತ ಒಂದು ದಿನ ಕೇಳಿಕೊಳ್ಳಲಿಲ್ಲವಲ್ಲೇ, ಮೆಷಿನ್ ಅದರ ಪಾಡಿಗೆ ಅದು ಓಡುತ್ತಿತ್ತಂತೆ, ಗುಂಡಿ ಅದರ ಪಾಡಿಗೆ ಅದು ತಿರುಗಿತೇ, ಕೈಕಾಲು ಆಡಲಿಲ್ಲವಂತೆ, ಕಾಲು ಆಡಲಿಲ್ಲ ಸರಿ, ಎದ್ದು ಬಂದು ಹಿಡಿದುಕೊಳ್ಳಲಿಲ್ಲ, ದೊಡ್ಡಣ್ಣ ಒಬ್ಬನೇ ಹಿಡಿದುಕೊಂಡಿದ್ದ, ಮೈಕಿನ ಆಚೆ ಗಾಜಿನ ಹಿಂದೆ ಇವನು ಕೂತೇ ಇದ್ದ, ಕೂತು, ನನ್ನ ಬಾಯಿ ತೆರೆದದ್ದು ನೋಡಿ, ಮೀಟರಿನ ಮುಳ್ಳು ಕೆಂಪಿಗೆ ಹೋದದ್ದು ನೋಡಿ, ಅಯ್ಯೋ ಹೆಣ್ಣೇ ಅನ್ನಲಿಲ್ಲ, ಅಯ್ಯೋ ಟೇಕು ಹಾಳಾಗುತ್ತೆ ಅಂದುಕೊಂಡ, ಹೆಬ್ಬೆರಳು, ತೋರುಬೆರಳು.

ಗಾಜಿನ ಬಾಗಿಲು ತೆರೆಯಿತು, ಒಳಗಿದ್ದವರು ಲ್ಯಾಪ್‌ಟಾಪು ಬಗಲಿಗಿಟ್ಟುಕೊಂಡು ಹೊರಬಿದ್ದರು, ಅವರ ಹಿಂದೆ ಅವನು, ಕಿವಿಗೆ ಈಗ ನರೆಗೂದಲ ಅಂಚು, ಎರಡೂ ಕೈ ಚಾಚಿಕೊಂಡೇ ಬಂದ, ಬಾ ತಾಯಿ ಬಾ, ಕಾಯಿಸ್ಬಿಟ್ಟೆ, ಓದಿದ್ಯಾ, ನೋಡಿದ್ಯಾ ಜನ ನಿನ್ನ ದನೀನ ಹೇಗೆ ತಲೆ ಮೇಲೆ ಹೊತ್ಕೊಂಡಿದ್ದಾರೆ, ಆ ಕೊನೇದು ಓದಿದ್ಯಾ, ಹತ್ತಕ್ಕೆ ಹತ್ತು ಕೊಟ್ಟಿದ್ದಾನೆ ನೋಡು, ಅವನ ಗಂಟಲಲ್ಲಿ ಒಂದು ಎಳೆ ಹೆಮ್ಮೆ, ಬೇರೆಯವರಿಗೆ ಕೇಳಿಸುವುದಿಲ್ಲ, ಇವಳಿಗೆ ಕೇಳಿಸಿತು, ಆ ಹೆಮ್ಮೆಯನ್ನು ಅಕ್ಷರ ಬಿಡದೆ ಆಡಿ ತೋರಿಸಬಲ್ಲಳು, ಓದಿದೆ, ಅಂದಳು, ಹಾಗಾದ್ರೆ ಹೂಂ ಅನ್ನು ತಾಯಿ, ಹುಡುಗ್ರು ಕಾಯ್ತಿದ್ದಾರೆ, ಇವಳು ಎದ್ದು ನಿಂತಳು, ತನ್ನ ದನಿ, ಯಾರದೂ ಅಲ್ಲದ ಬರೀ ತನ್ನ ದನಿ ಎಷ್ಟು ಸಣ್ಣದು ಅಂತ ಅನ್ನಿಸಿತು, ಇಲ್ಲ ಅಣ್ಣಾ, ಅನ್ನಲ್ಲ, ಯಾವತ್ತೂ ಅನ್ನಲ್ಲ, ಆ ಹುಡುಗಿ ಸರಿಯಾಗೇ ಕಿರುಚಿದಾಳೆ, ಅದೇ ಇರಲಿ, ಅವನು ಏನೋ ಹೇಳಲು ಬಾಯಿ ತೆರೆದ, ತಾಯಿ ಅಂತಲೇ ಶುರುವಾಗುತ್ತಿತ್ತು, ಅದಕ್ಕೆ ಮುಂಚೆ ಇವಳು ಕೇಳಿದಳು, ಯಾವ ಕೈ ಅಣ್ಣಾ, ಅವನಿಗೆ ಅರ್ಥವಾಗಲಿಲ್ಲ, ಏನು ಕೈ, ಗುಂಡಿ ತಿರುಗಿಸಿದ್ದು ಯಾವ ಕೈ, ಎಡಗೈಯೋ ಬಲಗೈಯೋ, ಮೇಜಿನ ಹುಡುಗಿ ಟೈಪಿಸುವುದು ನಿಲ್ಲಿಸಿದಳು, ಅವನು ಇಲ್ಲ ಅನ್ನಬಹುದಿತ್ತು, ಯಾವ ಗುಂಡಿ ಅನ್ನಬಹುದಿತ್ತು, ನಾನಲ್ಲ ಜೊತೆಯವರು ಅನ್ನಬಹುದಿತ್ತು, ಕಣ್ಣೇ ತಾನಾಗಿ ಕೆಳಗಿಳಿದು ತನ್ನ ಬಲಗೈ ನೋಡಿಕೊಂಡಿತು, ಕೈ ಮುಷ್ಟಿ ಕಟ್ಟಿಕೊಂಡು ಜೇಬಿಗೆ ಹೋಯಿತು, ಹೋದರೂ ಇವಳಿಗೆ ಕಾಣುತ್ತಿದೆ, ಬಟ್ಟೆಯೊಳಗಿಂದ ಕಾಣುತ್ತಿದೆ, ಅವತ್ತಿನ ಕೋಣೆಯೇ ಕಾಣುತ್ತಿದೆ, ದೊಡ್ಡಣ್ಣ ಹೆಗಲು ಹಿಡಿದಿದ್ದಾನೆ, ತನ್ನ ಬಾಯಿ ತೆರೆದಿದೆ, ಗಾಜಿನಾಚೆ ಕೈ, ಬಲಗೈ, ಹೆಬ್ಬೆರಳು, ತೋರುಬೆರಳು, ನಡುವೆ ಕಪ್ಪು ಗುಂಡಿ, ಇಷ್ಟೇ ಇಷ್ಟು ಎಡಕ್ಕೆ, ನಿಧಾನ, ಒಡೆಯಬಾರದು, ಹೆಬ್ಬೆರಳು, ತೋರುಬೆರಳು, ಇಷ್ಟೇ ಇಷ್ಟು