ಸುಫೆನ್ ಅಕ್ಕನ ಹೊಸ ಎರ್ಹು

ಸುಫೆನ್ ಅಕ್ಕ ರೇಷ್ಮೆ ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ಮಗ್ಗದ ಮುಂದೆ ನಿಂತವಳು. ಗಿರಣಿ ಮುಚ್ಚಿದ ವರ್ಷವೇ, ಸುಝೌ ಊರಿನ ನಮ್ಮ ಕಾಲುವೆ ಓಣಿಯ ಮಹಡಿ ಹತ್ತಿ, ಎರಡು ತಂತಿಯ, ಪಿಟೀಲಿನಂತೆ ಕಮಾನೆಳೆದು ನುಡಿಸುವ ಎರ್ಹು ಕಲಿಸಿ ಅಂತ ನನ್ನೆದುರು ಬಂದು ಕೂತಳು. ಆಗ ಅವಳಿಗೆ ಐವತ್ತೈದು. ಕೆಲಸಕ್ಕೆ ಹೋಗುವ ದಾರಿಯ ಚಹಾ ಅಂಗಡಿಯಲ್ಲಿ ಯಾರೋ ಮುದುಕ ದಿನಾ ಬೆಳಿಗ್ಗೆ ನುಡಿಸುತ್ತಿದ್ದನಂತೆ.

"ನಿಂತು ಕೇಳೋಕೆ ಪುರುಸೊತ್ತೇ ಇರ್ಲಿಲ್ಲ ಮೇಷ್ಟ್ರೇ. ಗಿರಣಿ ಒಳಗೆ ಕಾಲಿಟ್ರೆ ಆ ಗದ್ದಲಕ್ಕೆ ಕೇಳಿದ್ದೂ ತಲೆಯಿಂದ ಹಾರಿಹೋಗೋದು. ಈಗ ಪೂರ್ತಿ ಕೇಳ್ಬೇಕು. ಅದೂ ನನ್ನ ಕೈಯಿಂದಲೇ."

ಅವಳು ತಂದಿದ್ದು ಹೊಸಬರು ಕೊಳ್ಳುವ ಅಗ್ಗದ ವಾದ್ಯ. ಬಿರಡೆ ಜಾರುತ್ತಿತ್ತು. ಬುರುಡೆಗೆ ಬಿಗಿದ ಹೆಬ್ಬಾವಿನ ಚರ್ಮ ಎಷ್ಟು ಬಿರುಸೆಂದರೆ, ಕಮಾನು ಎಳೆದಾಗಲೆಲ್ಲ ನೆಗಡಿಯಾದವರ ಮೂಗಿನಿಂದ ಬಂದ ಹಾಗೆ ದನಿ ಬರುತ್ತಿತ್ತು.

"ನಾನು ಶುರು ಮಾಡಿದ್ರೆ ಸಾಕು, ನಮ್ಮ ಮನೆಯವ್ರು ಊಟದ ಬಟ್ಟಲು ಹಿಡ್ಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂರ್ತಾರೆ," ಅಂತ ನಗುತ್ತಿದ್ದಳು. "ಒಳ್ಳೇದು ತಗೊಳ್ಳಲಾ ಮೇಷ್ಟ್ರೇ?"

"ಅವಸರ ಯಾಕಕ್ಕಾ? ಈ ಡಬ್ಬದಲ್ಲೇ ಇಂಪು ಹೊರಡಿಸಿ, ಆಮೇಲೆ ನೋಡೋಣ."

ನನ್ನ ಗುರುಗಳು ನನಗೆ ಕಲಿಸಿದ್ದು ಹಾಗೇ. ಕೈ ಕೇಳಿದ್ದನ್ನು ವಾದ್ಯ ಕೊಡಲಾರದೆ ಹೋದ ದಿನ ವಾದ್ಯ ಬದಲಿಸಬೇಕು, ಅದಕ್ಕೆ ಮುಂಚೆ ಬದಲಿಸಿದರೆ ಕೈ ಸೋಮಾರಿಯಾಗುತ್ತದೆ.

ಆ ದಿನ ಬಂದದ್ದು ಎರಡನೇ ವರ್ಷದ ಶರತ್ಕಾಲದಲ್ಲಿ. ಒಂದು ಮೇಲಿನ ಸ್ವರಕ್ಕೆ ಅಕ್ಕ ಬೆರಳು ಜಾರಿಸಿದಳು. ಬೆರಳು ಸರಿಯಾಗಿಯೇ ಇಳಿಯಿತು, ಕಮಾನಿನ ತೂಕವೂ ಸರಿಯಿತ್ತು. ವಾದ್ಯವೇ ಗಂಟಲು ಕಟ್ಟಿದ ಹಾಗೆ ಸುಮ್ಮನಾಯಿತು. ನನಗೆ ಅಲ್ಲೇ ಗೊತ್ತಾಯಿತು. ಅಕ್ಕ ನನ್ನ ಮುಖ ನೋಡಿದಳು.

"ಈಗ?"

"ಇನ್ನೂ ಸ್ವಲ್ಪ ಹಣ್ಣಾಗ್ಲಿ ಬಿಡಿ."

ಯಾಕೆ ಹಾಗಂದೆ ಅಂತ ಎಷ್ಟು ಸಲ ಕೇಳಿಕೊಂಡಿದ್ದೇನೋ. ಅವಳು ಕೇಳುವುದು, ನಾನು ತಡೆಯುವುದು ನನಗೆ ಹಿತವಾಗಿತ್ತು. ಬೇರೆ ಕಾರಣ ಇರಲಿಲ್ಲ.

ನಾಲ್ಕನೇ ವರ್ಷದ ವಸಂತದಲ್ಲಿ ಒಂದು ಮಂಗಳವಾರ ನಾನೇ ಹೇಳಿದೆ. "ನಡೀರಿ ಅಕ್ಕಾ, ವಾದ್ಯ ಮಾಡೋ ತಾವ್‌ನ ಅಂಗಡಿಗೆ ಹೋಗಿ ಬರೋಣ."

ಅಕ್ಕ ಮನೆಗೆ ಹೋಗಿ ಒಳ್ಳೆಯ ನೀಲಿ ಕೋಟು ಹಾಕಿಕೊಂಡು, ಹಳೆಯ ವಾದ್ಯವನ್ನೂ ಹೆಗಲಿಗೇರಿಸಿ ಬಂದಳು. ತಾವ್ ನಲವತ್ತು ವರ್ಷದಿಂದ ಎರ್ಹು ಮಾಡುವವನು. ಹಳೆಯ ಬೀಟೆ ಮರದ್ದೊಂದನ್ನು ಗೋಡೆಯಿಂದ ಇಳಿಸಿ, ಶ್ರುತಿ ಮಾಡಿ ನಾಲ್ಕು ಸಾಲು ನುಡಿಸಿದ. ಹೊಟ್ಟೆಯೊಳಗೆ ಬಿಸಿ ಸೂಪು ಇಳಿದಂತಾಯಿತು ನನಗೆ.

ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ನುಡಿಸಿದಳು. ಅಷ್ಟು ಚೆನ್ನಾಗಿ ಅವಳು ನುಡಿಸಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆದರೆ ಅವಳ ಮುಖ ಅರಳಲಿಲ್ಲ. ತನ್ನದನ್ನು ತೆಗೆದು ಅದೇ ಸಾಲು ನುಡಿಸಿದಳು. ಮತ್ತೆ ಹೊಸದು, ಮತ್ತೆ ಹಳೆಯದು. ಆಮೇಲೆ ಎರಡನ್ನೂ ಮಡಿಲಲ್ಲಿ ಅಡ್ಡ ಹಾಕಿಕೊಂಡು ಕೂತಳು.

"ಮೇಷ್ಟ್ರೇ, ಎರಡೂ ಒಂದೇ ಥರ ಕೇಳಿಸ್ತಿವೆಯಲ್ಲಾ."

ತಾವ್ ನಕ್ಕುಬಿಟ್ಟ. "ಬೆಲೆ ಇಳಿಸೋಕೆ ಹೀಗೂ ಒಂದು ದಾರಿಯಾ ಅಕ್ಕಾ?"

ಅವಳು ನಗಲಿಲ್ಲ. "ಈ ವರ್ಷ ಹಕ್ಕಿಗಳೇ ಬಂದಿಲ್ಲ ಅಂತಿದ್ದೆ ಮನೇಲಿ. 'ಬಂದಿವೆ ಕಣೇ, ಕಿಟಕಿ ಹತ್ರಾನೇ ಕೂಗ್ತಿವೆ' ಅಂದ್ರು ನಮ್ಮ ಯಜಮಾನ್ರು. ತಮಾಷೆ ಮಾಡ್ತಿದಾರೆ ಅಂದ್ಕೊಂಡೆ."

ಹೊಸದನ್ನು ಅಲ್ಲೇ ಬಿಟ್ಟು ಬಂದೆವು. ಮರುದಿನ ಅವಳ ಗಂಡನೂ ನಾನೂ ಅವಳನ್ನು ಕಿವಿ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಮಗ್ಗದ ಸದ್ದು ಕಿವಿಯನ್ನು ಮೊದಲೇ ತಿಂದಿತ್ತಂತೆ, ಈಗ ವಯಸ್ಸೂ ಜೊತೆ ಸೇರಿದೆಯಂತೆ. ಮಾತು ಕೇಳುತ್ತದೆ, ಸ್ವರವೂ ಕೇಳುತ್ತದೆ. ದನಿಯ ಮೇಲಿನ ನವಿರು ಮಾತ್ರ ಹೋಗಿದೆ, ಯಂತ್ರ ಹಾಕಿದರೂ ಅದು ಬರುವುದಿಲ್ಲ. ಒಳ್ಳೆಯ ಎರ್ಹು ಒಳ್ಳೆಯದಾಗುವುದೇ ಆ ನವಿರಿನಿಂದ.

ಹೊರಗಿನ ಬೆಂಚಿನ ಮೇಲೆ ಅಕ್ಕ ಕೇಳಿದಳು, "ನಿಜ ಹೇಳಿ ಮೇಷ್ಟ್ರೇ. ನನ್ನ ಕೈ ಯಾವಾಗ ತಯಾರಾಗಿತ್ತು?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ಎರಡನೇ ವರ್ಷವೇ."

ಅವಳು ತನ್ನ ಬೆರಳ ತುದಿಯ ಜಡ್ಡು ಸವರಿಕೊಂಡಳು. "ಆಗ ನಂಗೆ ಹಕ್ಕಿ ಕೇಳ್ತಿತ್ತು," ಅಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೆ ಅವಳು ಪಾಠಕ್ಕೆ ಬರಲಿಲ್ಲ. ಮನೆಗೆ ಹೋದರೆ ಚಹಾ ಕೊಟ್ಟಳು, ಏಡಿಯ ಬೆಲೆ ಏರಿದ್ದನ್ನು ಮಾತಾಡಿದಳು. ಬಾಗಿಲವರೆಗೆ ಬಂದ ಅವಳ ಗಂಡ ಮೆಲ್ಲಗೆ ಹೇಳಿದ, "ವಾದ್ಯ ಮಂಚದ ಕೆಳಗಿಟ್ಟಿದಾಳೆ. ಮೆಟ್ಟಿಲ ಮೇಲೆ ಕೂತು ಉಣ್ಣೋದು ಎಷ್ಟೋ ವಾಸಿಯಿತ್ತು, ಮೇಷ್ಟ್ರೇ."

ಈಗ ಯಾರಾದರೂ "ಬದಲಿಸಲಾ?" ಅಂದರೆ ನಾನು ಅದೇ ವಾರ ತಾವ್ ಹತ್ತಿರ ಕರೆದುಕೊಂಡು ಹೋಗುತ್ತೇನೆ. "ನಿನ್ನ ಗುರುಗಳು ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ರು," ಅಂತ ಅವನು ರೇಗುತ್ತಾನೆ. ರೇಗಲಿ.

ಹೋದ ತಿಂಗಳು ಸಂತೆಯಲ್ಲಿ ಅಕ್ಕ ಕಂಡಳು, ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುತ್ತಿದ್ದಳು. "ಸುಫೆನ್ ಅಕ್ಕಾ!" ಅಂತ ಕೂಗಿದೆ. ಅವಳು ತಿರುಗಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಯೂ ತಿರುಗಲಿಲ್ಲವೋ. ಇನ್ನೊಮ್ಮೆ ಕೂಗುವ ಧೈರ್ಯ ನನಗಾಗಲಿಲ್ಲ.