ಬಣ್ಣದ ಹಂಡೆಯ ಆಲೂಗಡ್ಡೆ

ನಮ್ಮ ಗ್ರಂಥಾಲಯದ ಹಳೆಯ ಕಾಗದಪತ್ರಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ ಮೇಲೆ, ಅವನ್ನು ವಿಷಯವಾರು ಜೋಡಿಸಲು ಒಂದು ತಂತ್ರಾಂಶ ಬಂತು. ಒಂದೊಂದನ್ನೂ ತಾನೇ ಓದಿ, ಯಾವ ಮಾತು ಹೆಚ್ಚು ಬಂದಿದೆ ಎಂದು ನೋಡಿ, ಅದಕ್ಕೊಪ್ಪುವ ಗುಂಪಿಗೆ ಸೇರಿಸುತ್ತಿತ್ತು. ನಾವು ಅದಕ್ಕೆ ಜಾಣಪ್ಪ ಎಂದು ಹೆಸರಿಟ್ಟಿದ್ದೆವು. ಸುಳ್ಳೇಕೆ ಹೇಳಲಿ, ನಾವು ವರ್ಷಗಟ್ಟಲೆ ತಿಣುಕಾಡಿದ ಕೆಲಸವನ್ನು ಅವನು ಚಹಾ ಆರುವಷ್ಟರಲ್ಲಿ ಮುಗಿಸಿಬಿಟ್ಟ.

ಮರುದಿನ ಈ ಸಂಗ್ರಹವನ್ನು ಜನರಿಗೆ ತೆರೆಯುವುದಿತ್ತು. ಅಷ್ಟರೊಳಗೆ ತಮ್ಮ ಹೇಳಿಕೆಯನ್ನು ನೋಡಬೇಕೆಂದು ಅತ್ತೆ ಬಂದರು. ಅಪ್ಪನ ಅಕ್ಕ, ಗಿರಣಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದವರು. ಅಲ್ಲಿ ನಡೆದ ಮುಷ್ಕರದ ಬಗ್ಗೆ ಅವರೂ ಜತೆಗಿದ್ದ ಹೆಂಗಸರೂ ಹೇಳಿದ್ದನ್ನು ನಾನೇ ಕೇಳಿ ಟೈಪು ಮಾಡಿದ್ದೆ.

ಮುಷ್ಕರದ ಗುಂಪು ತೆರೆದರೆ ಸಂಘದ ಅಧ್ಯಕ್ಷರ ಭಾಷಣವಿತ್ತು, ಮಾಲೀಕರ ನೋಟಿಸಿತ್ತು, ಅತ್ತೆ ಇರಲಿಲ್ಲ. ಹುಡುಕಿದರೆ ಸಿಕ್ಕಿದ್ದು ಅಡುಗೆಯ ಗುಂಪಿನಲ್ಲಿ, ರೊಟ್ಟಿ ಸುಡುವ ವಿಧಾನದ ಕೆಳಗೆ. ಜತೆಯ ಹೆಂಗಸರೂ ಅಲ್ಲೇ ಇದ್ದರು.

ಅವರ ಮಾತಿನಲ್ಲಿ ಜಾಣಪ್ಪನಿಗೆ ಕಂಡದ್ದು ಆಲೂಗಡ್ಡೆ, ಉಪ್ಪು, ಸೌದೆ, ಹಂಡೆ. ಮಾಲೀಕ ಹೊರಗಿನವರನ್ನು ತಂದು ಬಣ್ಣ ಹಾಕಿಸಲು ಹೊರಟಾಗ, ಹೆಂಗಸರೆಲ್ಲ ಒಳಗೆ ನುಗ್ಗಿ ಬಣ್ಣದ ಹಂಡೆಗಳನ್ನು ತಿಕ್ಕಿ ತೊಳೆದು, ಅವುಗಳಲ್ಲೇ ಆಲೂಗಡ್ಡೆ ಬೇಯಿಸಲು ಶುರು ಮಾಡಿದ್ದರು. ಒಂದು ಹಂಡೆ ಇಳಿಸುವ ಮೊದಲೇ ಇನ್ನೊಂದು ಏರುತ್ತಿತ್ತು. ಒಲೆ ಖಾಲಿಯಿದ್ದರೆ ತಾನೇ ನೂಲು ಅದ್ದುವುದು?

ಅತ್ತೆ ಸೀದಾ ಮುಖ್ಯಸ್ಥರ ಕೋಣೆಗೆ ನಡೆದರು. ಹಿಂದೆಯೇ ನಾನು.

ಮುಖ್ಯಸ್ಥರು ಒಳ್ಳೆಯವರೇ, ಕುರ್ಚಿ ಕೊಟ್ಟು ಕೂರಿಸಿದರು. ಒಬ್ಬರದನ್ನು ಕೈಯಾರೆ ಬದಲಿಸಿದರೆ ಎಲ್ಲರೂ ಸಾಲುಗಟ್ಟಿ ಬರುತ್ತಾರೆ ಎಂದರು. ಕೊನೆಗೆ ಅವರೇ ಒಂದು ದಾರಿ ತೋರಿಸಿದರು: ಹೇಳಿಕೆಯಲ್ಲಿ ಆಲೂಗಡ್ಡೆಯನ್ನು ಸ್ವಲ್ಪ ಕಡಿಮೆ ಮಾಡಿ, ಹೋರಾಟ, ಮುಷ್ಕರ ಅಂತ ನಾಲ್ಕು ಕಡೆ ಸೇರಿಸಿದರೆ ಯಂತ್ರವೇ ಜಾಗ ಬದಲಿಸುತ್ತದೆ.

ಅತ್ತೆ ಸೆರಗು ಸರಿಮಾಡಿಕೊಂಡರು.

"ಸ್ವಾಮಿ, ಅಧ್ಯಕ್ಷರು ಗೇಟಿನ ಹೊರಗೆ ನಿಂತು ಹೋರಾಟ ಅಂತ ಕೂಗ್ತಿದ್ರು. ಒಳಗೆ ನಾವು ಆಲೂಗಡ್ಡೆ ಬೇಯಿಸ್ತಿದ್ವಿ. ಗಿರಣಿ ನಿಂತಿದ್ದು ಯಾವುದರಿಂದ? ಒಂದಕ್ಷರ ಬದಲಾಯಿಸಲ್ಲ ನಾನು."

"ಹಾಗಲ್ಲಮ್ಮ, ಯಂತ್ರಕ್ಕೆ ಇದೆಲ್ಲ ಹೇಗೆ ಗೊತ್ತಾಗಬೇಕು?"

"ಗೊತ್ತಾಗಲ್ಲ ಅಂದ್ಮೇಲೆ ಕೇಳ್ಬೇಕು. ನಿಮ್ಮ ಜಾಣಪ್ಪನಿಗೆ ಬಾಯಿಲ್ಲ ಸರಿ, ನಿಮಗೂ ಇಲ್ವಾ?"

ನಗು ಬಂದರೂ ನುಂಗಿಕೊಂಡೆ. ಆಮೇಲೆ ನನಗೇ ಏನನ್ನಿಸಿತೋ, ನನ್ನ ಮೇಜಿಗೆ ಹೋಗಿ, ಅತ್ತೆಯನ್ನೂ ಅವರ ಜತೆ ಹಂಡೆ ಏರಿಸಿದ ಉಳಿದ ಹೆಂಗಸರನ್ನೂ ಮುಷ್ಕರದ ಗುಂಪಿಗೆ ಎಳೆದು ಹಾಕಿದೆ. ಕದ್ದುಮುಚ್ಚಿ ಅಲ್ಲ, ಮುಖ್ಯಸ್ಥರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

"ರಾತ್ರಿ ಅದು ಮತ್ತೆ ಎಲ್ಲವನ್ನೂ ಜೋಡಿಸುತ್ತೆ," ಎಂದರು ಅವರು. "ಬೆಳಿಗ್ಗೆ ನೋಡಿದ್ರೆ ಇವರೆಲ್ಲ ಅಡುಗೆಮನೆಯಲ್ಲೇ ಇರ್ತಾರೆ."

"ಇರಲಿ ಸಾರ್. ಬೆಳಿಗ್ಗೆ ಮತ್ತೆ ಎಳೀತೀನಿ."

"ದಿನಾನೂ?"

"ದಿನಾನೂ."

ಮೇಲಿನವರು ಕೇಳಿದರೆ ಏನು ಹೇಳಲಿ ಎಂದು ಅವರು ಗೊಣಗಿದರು. "ನನ್ನನ್ನ ಕರೆಸಿ," ಎಂದರು ಅತ್ತೆ.

ಮರುದಿನ ಬಾಗಿಲು ತೆರೆದಾಗ ಹೆಂಗಸರೆಲ್ಲ ಅಡುಗೆಯ ಗುಂಪಿಗೇ ಮರಳಿದ್ದರು. ಅತ್ತೆ ಆಗಲೇ ಬಂದು ನನ್ನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡಿದ್ದರು.

"ಮೊದಲು ಯಾರನ್ನ ಎಳೀಲಿ ಅತ್ತೆ?"

"ಸೌದೆ ಹೊತ್ತವಳನ್ನ ಎಳಿಯೇ. ಅವಳಿಲ್ದೆ ಒಲೆ ಎಲ್ಲಿ ಉರೀತಿತ್ತು?"